ಚಾರ್ಜ್ ಎಂದರೆ ಹೊರೆ



ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಒಮ್ಮೆ ಅವರಿಗೆ ಮೈ ಸರಿ ಇರಲಿಲ್ಲ. ಸೊಂಟ ನೋವು, ಸುಸ್ತು. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋದರು. ಚೀಟಿ ಬರೆಸಿ ಕಾದು ಕುಳಿತರು. ಅವರ ಸರದಿ ಬಂತು.

ಡಾಕ್ಟರಮ್ಮ ಕೇಳಿದರು: "ಡಿಸ್‌ಚಾರ್ಜ್ ಆಗ್ತಿದೆಯಾ?"

ಅಕ್ಕ ಹೇಳಿದರು: "ಇಲ್ಲ ಮೇಡಂ. ನಾನು ಇನ್ನೂ ಅಡ್ಮಿಟ್ಟೇ ಆಗಿಲ್ವಲ್ಲ!"

ಅಲ್ಲಿದ್ದವರು ನಕ್ಕರು. ಯಾಕೆ ನಕ್ಕರು ಎಂದು ಅಕ್ಕನಿಗೆ ತಿಳಿಯಲಿಲ್ಲ. ಮುಖ ಸಣ್ಣದಾಯಿತು. ಡಾಕ್ಟರಮ್ಮ 'ಇಲ್ಲ' ಎಂದೇ ಬರೆದುಕೊಂಡರು. ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಆದರೆ ಅಕ್ಕನಿಗೆ ಬಿಳಿಸೆರಗಿನ ತೊಂದರೆ ಇತ್ತು. ಡಾಕ್ಟರಮ್ಮ ಕೇಳಿದ್ದು ಅದನ್ನೇ. ಅಕ್ಕ ತಿಳಿದುಕೊಂಡದ್ದು ಆಸ್ಪತ್ರೆಯಿಂದ ಮನೆಗೆ ಕಳಿಸುವ ಡಿಸ್‌ಚಾರ್ಜ್. ಈ ಒಂದು ಮಾತಿನಿಂದ ಅವರು ಮತ್ತೆ ನಾಲ್ಕು ತಿಂಗಳು ನರಳಿದರು. ನಾಚಿಕೆಯಿಂದ ಆಸ್ಪತ್ರೆಯ ಕಡೆಗೆ ತಲೆ ಹಾಕಲಿಲ್ಲ.

ತಪ್ಪು ಅಕ್ಕನದಲ್ಲ. ಆ ಮಾತಿಗೆ ಎರಡೂ ಅರ್ಥ ಇದೆ. ಅಕ್ಕನಿಗೆ ಒಂದು ಗೊತ್ತಿತ್ತು, ಇನ್ನೊಂದು ಗೊತ್ತಿರಲಿಲ್ಲ. ಅಷ್ಟೆ.

ನಮ್ಮ ಕನ್ನಡದಲ್ಲೂ ಹೀಗೆ ಇಲ್ಲವೇ? 'ಹಿಡಿ' ಎಂಬ ಮಾತನ್ನೇ ನೋಡಿ. ಮಗುವಿನ ಕೈ ಹಿಡಿ ಅನ್ನುತ್ತೇವೆ. ಒಂದು ಹಿಡಿ ಅಕ್ಕಿ ಅನ್ನುತ್ತೇವೆ. ಕುಡುಗೋಲಿನ ಹಿಡಿ ಅನ್ನುತ್ತೇವೆ. ಹುಚ್ಚು ಹಿಡಿಯಿತು ಅಂತಲೂ ಅನ್ನುತ್ತೇವೆ. ನಮಗೆ ಗೊಂದಲ ಆಗುವುದಿಲ್ಲ. ಏಕೆಂದರೆ ಎಲ್ಲದರ ಬೇರು ನಮಗೆ ಗೊತ್ತು. ಅದು ಕೈಯ ಹಿಡಿತ.

ಹಾಗೆಯೇ 'ಚಾರ್ಜ್' ಎಂಬ ಇಂಗ್ಲಿಷ್ ಮಾತಿಗೂ ಒಂದು ಬೇರು ಇದೆ. ಆ ಬೇರು ತಿಳಿದರೆ ಕೊಂಬೆಗಳೆಲ್ಲ ತಿಳಿಯುತ್ತವೆ.

ಬೇರು ಯಾವುದು?

ಬಹಳ ಹಿಂದೆ ಯೂರೋಪಿನ ರೋಮ್ ಪಟ್ಟಣದ ಜನ ಲ್ಯಾಟಿನ್ ಎಂಬ ಭಾಷೆ ಆಡುತ್ತಿದ್ದರು. ಆ ಭಾಷೆಯಲ್ಲಿ ಗಾಡಿಗೆ 'ಕಾರ್ರುಸ್' ಎಂಬ ಹೆಸರಿತ್ತು. ಗಾಡಿಗೆ ಹೊರೆ ಹೇರುವುದಕ್ಕೂ ಇದರಿಂದಲೇ ಒಂದು ಮಾತು ಹುಟ್ಟಿತು. ಅದು ಫ್ರಾನ್ಸ್ ದೇಶದ ಜನರ ಬಾಯಲ್ಲಿ ಬದಲಾಯಿತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಸೀಮೆಯವರು ಇಂಗ್ಲೆಂಡನ್ನು ಗೆದ್ದರು. ಅವರ ಮಾತುಗಳು ಸಾವಿರಗಟ್ಟಲೆ ಇಂಗ್ಲಿಷಿಗೆ ಸೇರಿದವು. 'ಚಾರ್ಜ್' ಕೂಡ ಫ್ರೆಂಚಿನಿಂದ ಬಂದ ಮಾತು. ರಸ್ತೆಯಲ್ಲಿ ಓಡುವ 'ಕಾರು' ಕೂಡ ಅದೇ ಬೇರಿನದು.

ಆದ್ದರಿಂದ ಚಾರ್ಜ್ ಎಂದರೆ ಮೂಲದಲ್ಲಿ ಹೊರೆ, ಭಾರ. ಸೌದೆ ಹೊರೆ, ಹುಲ್ಲಿನ ಹೊರೆ ನಮಗೆ ಹೊಸದೇ? ಹೊರೆ ಹೊರುವುದು, ಹೊರೆ ಇಳಿಸುವುದು, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಕೊಡುವುದು ನಾವು ದಿನಾ ಮಾಡುವ ಕೆಲಸ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಹಣದ ಹೊರೆ

ನಾವು 'ಬಸ್ ಚಾರ್ಜ್ ಎಷ್ಟು?' ಎಂದು ಕೇಳುತ್ತೇವೆ. ಇಂಗ್ಲೆಂಡಿನವರು ಬಸ್ಸಿನ ಹಣಕ್ಕೆ 'ಫೇರ್' ಅನ್ನುತ್ತಾರೆ. ಚಾರ್ಜ್ ಅನ್ನುವುದು ನಮ್ಮ ರೂಢಿ. ಒಂದು ಸೇವೆ ಪಡೆದದ್ದಕ್ಕೆ ನಮ್ಮ ಮೇಲೆ ಬೀಳುವ ಹಣದ ಹೊರೆಯೇ ಚಾರ್ಜ್. ಬರೆಯುವ ಕನ್ನಡದಲ್ಲಿ ಇದಕ್ಕೆ 'ಶುಲ್ಕ' ಎನ್ನುತ್ತಾರೆ. ಕರೆಂಟ್ ಬಿಲ್ಲಿನಲ್ಲಿ 'ನಿಗದಿತ ಶುಲ್ಕ' ಎಂದು ಇರುತ್ತದೆ. ಓದಿ ನೋಡಿ.

'ಫ್ರೀ ಆಫ್ ಚಾರ್ಜ್' ಎಂಬ ಮಾತು ಇಂಗ್ಲಿಷಿನಲ್ಲಿ ಇದೆ. ಹಣದ ಹೊರೆ ಇಲ್ಲ ಎಂದು ಅದರ ಅರ್ಥ. ಕನ್ನಡದಲ್ಲಿ 'ಉಚಿತ'. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಒಳಗೆ ದುಡ್ಡು ಕೊಡದೆ ಓಡಾಡುವಂತಾಯಿತು. ಹಾಗಾದರೆ ಬಸ್ ಓಡಿಸುವ ಹೊರೆ ಮಾಯವಾಯಿತೇ? ಇಲ್ಲ. ನಮ್ಮ ತಲೆಯಿಂದ ಇಳಿದು ಸರ್ಕಾರದ ತಲೆಗೆ ಹೋಯಿತು.

ಇನ್ನೊಂದು ವಿಷಯ ಗೊತ್ತಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಚಾರ್ಜ್ ಇಲ್ಲ. ಸಿಸೇರಿಯನ್ ಆದರೂ ಇಲ್ಲ. ಔಷಧಿ, ರಕ್ತ ಪರೀಕ್ಷೆ, ಊಟಕ್ಕೂ ಇಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದನ್ನು ಹೇಳುತ್ತದೆ. ಯಾರಾದರೂ ಚಾರ್ಜ್ ಕೇಳಿದರೆ "ಯಾವ ಚಾರ್ಜ್? ರಸೀದಿ ಕೊಡಿ" ಎಂದು ಕೇಳಿ.

ಬ್ಯಾಂಕಿನಲ್ಲೂ ಹೀಗೆಯೇ. ಪಾಸ್ ಬುಕ್ಕಿನಲ್ಲಿ 'ಚಾರ್ಜಸ್' ಎಂದು ಬರೆದು ಹಣ ಕಳೆದಿರುತ್ತಾರೆ. ಯಾವುದಕ್ಕೆ ಕಳೆದರು ಎಂದು ಕೇಳಲು ನಿಮಗೆ ಹಕ್ಕಿದೆ. ಜನಧನ ಖಾತೆಯಲ್ಲಿ ಹಣ ಇಲ್ಲದಿದ್ದರೂ ಅದಕ್ಕೆಂದು ದಂಡದ ಚಾರ್ಜ್ ಹಾಕುವಂತಿಲ್ಲ.

ಜವಾಬ್ದಾರಿಯ ಹೊರೆ

ಹೊರೆ ಎಂದರೆ ಹಣ ಒಂದೇ ಅಲ್ಲ. ಹೊಣೆಯೂ ಹೊರೆಯೇ. ಶಾಲೆಯಲ್ಲಿ ಹೆಡ್‌ಮೇಷ್ಟ್ರು ವರ್ಗವಾಗಿ ಹೋದರೆ ಇನ್ನೊಬ್ಬ ಮೇಷ್ಟ್ರು 'ಇನ್‌ಚಾರ್ಜ್' ಆಗುತ್ತಾರೆ. ಅಂದರೆ ಹೊಣೆ ಹೊತ್ತವರು. ಕಚೇರಿಯ ಕನ್ನಡದಲ್ಲಿ ಅವರನ್ನು 'ಪ್ರಭಾರ' ಮುಖ್ಯ ಶಿಕ್ಷಕರು ಎನ್ನುತ್ತಾರೆ. ಪ್ರಭಾರ ಎಂಬ ಮಾತನ್ನು ಬಿಡಿಸಿ ಓದಿ. ಒಳಗೆ 'ಭಾರ' ಕೂತಿದೆ! ಇಂಗ್ಲಿಷಿನವರು ಹೊರೆ ಅಂದರು. ನಮ್ಮವರು ಭಾರ ಅಂದರು. ಎರಡೂ ಒಂದೇ.

ಇಂಗ್ಲಿಷಿನಲ್ಲಿ ಇನ್ನೂ ಒಂದು ಬಳಕೆ ಇದೆ. ದಾದಿ ನೋಡಿಕೊಳ್ಳುವ ಮಗುವನ್ನು ಆಕೆಯ 'ಚಾರ್ಜ್' ಅನ್ನುತ್ತಾರೆ. ಮಗುವಿನ ಹೊಣೆ ಆಕೆಯ ಮೇಲಿದೆ ಎಂದು ಅರ್ಥ.

'ಚಾರ್ಜ್ ತೆಗೆದುಕೊಳ್ಳುವುದು' ಎಂದರೆ ಹೊಣೆ ವಹಿಸಿಕೊಳ್ಳುವುದು. ಇದು ನಮಗೂ ಬರುವ ಕೆಲಸ. ಸ್ವಸಹಾಯ ಸಂಘದಲ್ಲಿ ಪ್ರತಿನಿಧಿ ಬದಲಾಗುತ್ತಾರೆ. ಹೊಸಬರು ಚಾರ್ಜ್ ತೆಗೆದುಕೊಳ್ಳುವಾಗ ಏನು ಮಾಡಬೇಕು? ಲೆಕ್ಕದ ಪುಸ್ತಕ ಓದಬೇಕು. ಕೈಯಲ್ಲಿರುವ ಹಣ ಎಣಿಸಬೇಕು. ಪಾಸ್ ಬುಕ್ ನೋಡಬೇಕು. ಎಲ್ಲ ತಾಳೆಯಾದ ಮೇಲೆ ಸಹಿ ಹಾಕಬೇಕು. ತೂಕ ನೋಡದೆ ಹೊರೆ ಎತ್ತಿದರೆ ಸೊಂಟ ಹಿಡಿಯುತ್ತದೆ.

ಜಮೀನಿನ ಮೇಲಿನ ಹೊರೆ

ಜಮೀನು ಅಡವಿಟ್ಟು ಸಾಲ ತೆಗೆದರೆ ಬ್ಯಾಂಕಿನವರು 'ಜಮೀನಿನ ಮೇಲೆ ಚಾರ್ಜ್ ಇದೆ' ಅನ್ನುತ್ತಾರೆ. ಇಲ್ಲಿ ಚಾರ್ಜ್ ಎಂದರೆ ಸಾಲದ ಭಾರ. ಪಹಣಿಯಲ್ಲಿ ಅದನ್ನು ಬರೆದಿರುತ್ತಾರೆ. ಸಾಲ ತೀರಿಸಿದರೆ ಸಾಲದು. ಸಾಲ ತೀರಿದೆ ಎಂಬ ಪತ್ರ ಪಡೆಯಬೇಕು. ಪಹಣಿಯಿಂದ ಆ ಭಾರವನ್ನು ತೆಗೆಸಬೇಕು. ಜಮೀನು, ಸೈಟು ಕೊಳ್ಳುವ ಮುಂಚೆ ನೋಂದಣಿ ಕಚೇರಿಯಿಂದ ಒಂದು ಪತ್ರ ತೆಗೆಸುತ್ತಾರೆ. ಜನ ಅದಕ್ಕೆ 'ಇ.ಸಿ.' ಅನ್ನುತ್ತಾರೆ. ಕನ್ನಡದಲ್ಲಿ ಅದು ಋಣಭಾರ ಪ್ರಮಾಣಪತ್ರ. ನೋಡಿ, ಇಲ್ಲೂ 'ಭಾರ' ಬಂತು.

ಆರೋಪದ ಹೊರೆ

'ಅವನ ಮೇಲೆ ಚಾರ್ಜ್‌ಶೀಟ್ ಹಾಕಿದ್ದಾರೆ' ಎಂಬ ಮಾತು ಕೇಳಿದ್ದೀರಿ. ಇಲ್ಲಿ ಚಾರ್ಜ್ ಎಂದರೆ ಆರೋಪ. ತಪ್ಪು ಮಾಡಿದ್ದಾನೆ ಎಂದು ಒಬ್ಬನ ಮೇಲೆ ಹೊರಿಸುವುದು. ನಾವು ಕೂಡ 'ಅಪವಾದ ಹೊರಿಸಿದರು' ಎನ್ನುತ್ತೇವಲ್ಲ!

ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ವರದಿಯೇ ಚಾರ್ಜ್‌ಶೀಟ್. ಕನ್ನಡದಲ್ಲಿ 'ಆರೋಪ ಪಟ್ಟಿ', 'ದೋಷಾರೋಪ ಪಟ್ಟಿ' ಎನ್ನುತ್ತಾರೆ. ಚಾರ್ಜ್‌ಶೀಟ್ ಹಾಕಿದ ಮಾತ್ರಕ್ಕೆ ಶಿಕ್ಷೆ ಆದಂತಲ್ಲ. ಕೋರ್ಟು ವಿಚಾರಣೆ ಮಾಡಬೇಕು. ತಪ್ಪು ರುಜುವಾತಾಗಬೇಕು. ಆಮೇಲೆ ಶಿಕ್ಷೆ. ಆರೋಪಕ್ಕೆ ಆಧಾರವೇ ಇಲ್ಲ ಎಂದು ಕಂಡರೆ ಕೋರ್ಟು ಮೊದಲೇ ಆತನನ್ನು ಬಿಡಬಹುದು. ಅದಕ್ಕೂ 'ಡಿಸ್‌ಚಾರ್ಜ್' ಎಂದೇ ಹೆಸರು.

ನೀವು ದೂರು ಕೊಟ್ಟರೆ ಪೊಲೀಸರು ಮೊದಲು ಬರೆಯುವುದು ಎಫ್.ಐ.ಆರ್. ಅದರ ಒಂದು ಪ್ರತಿಯನ್ನು ದೂರು ಕೊಟ್ಟವರಿಗೆ ಕೊಡಬೇಕು. ಅದಕ್ಕೆ ಚಾರ್ಜ್ ಇಲ್ಲ. ಇದು ಕಾನೂನಿನ ಮಾತು.

ಕೆಲಸದ ಜಾಗದಲ್ಲೂ ಚಾರ್ಜ್‌ಶೀಟ್ ಕೊಡುತ್ತಾರೆ. ಗಾರ್ಮೆಂಟ್ಸಿಗೆ ಹೋಗುವ ಅಕ್ಕತಂಗಿಯರಿಗೆ ಇದು ಗೊತ್ತಿರಬೇಕು. 'ನೀನು ಇಂಥ ತಪ್ಪು ಮಾಡಿದೀಯ, ಉತ್ತರ ಕೊಡು' ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಕಂಡು ಹೆದರಿ ಕೆಲಸ ಬಿಟ್ಟು ಓಡಬೇಡಿ. ಓದಿ, ಓದಿಸಿ. ಸಹಿ ಹಾಕುವ ಮುಂಚೆ ಒಂದು ಮಾತು ನೆನಪಿಡಿ. 'ಪತ್ರ ತಲುಪಿದೆ' ಎಂದು ಸಹಿ ಹಾಕುವುದು ಬೇರೆ. 'ತಪ್ಪು ಒಪ್ಪಿದ್ದೇನೆ' ಎಂದು ಸಹಿ ಹಾಕುವುದು ಬೇರೆ.

ಮೈಮೇಲೆ ಬೀಳುವ ಚಾರ್ಜ್

ಯುದ್ಧದಲ್ಲಿ ಕುದುರೆ ಸವಾರರು ಎದುರಾಳಿಯ ಮೇಲೆ ಒಟ್ಟಾಗಿ ನುಗ್ಗುತ್ತಿದ್ದರು. ಅದಕ್ಕೂ ಇಂಗ್ಲಿಷಿನಲ್ಲಿ ಚಾರ್ಜ್ ಎನ್ನುತ್ತಾರೆ. ನಮ್ಮ ಲಾಠಿಗೆ ಈ ಮಾತು ಸೇರಿ 'ಲಾಠಿ ಚಾರ್ಜ್' ಆಯಿತು. ಅರ್ಧ ನಮ್ಮ ಮಾತು, ಅರ್ಧ ಇಂಗ್ಲಿಷ್. ಇದು ಹುಟ್ಟಿದ್ದು ಬ್ರಿಟಿಷರು ಆಳುತ್ತಿದ್ದಾಗ, ನಮ್ಮ ದೇಶದಲ್ಲೇ. 1928ರಲ್ಲಿ ಲಾಹೋರಿನಲ್ಲಿ ಸೈಮನ್ ಆಯೋಗದ ವಿರುದ್ಧ ಮೆರವಣಿಗೆ ನಡೆಯಿತು. ಪೊಲೀಸರು ಲಾಠಿ ಬೀಸಿದರು. ಮುಂದೆ ನಿಂತಿದ್ದ ಲಾಲಾ ಲಜಪತ ರಾಯರಿಗೆ ಪೆಟ್ಟು ಬಿತ್ತು. ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು.

ತುಂಬುವ ಚಾರ್ಜ್

ಫೋನಿಗೆ ಚಾರ್ಜ್ ಹಾಕುತ್ತೇವೆ. ಇದು ಹೇಗೆ ಹೊರೆ ಆಯಿತು? ಗಾಡಿಗೆ ಹೊರೆ ತುಂಬಿದ ಹಾಗೆ ಹಿಂದೆ ತುಪಾಕಿಗೆ ಮದ್ದು ತುಂಬುತ್ತಿದ್ದರು. ಅದನ್ನೂ ಚಾರ್ಜ್ ಅಂದರು. 18ನೇ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ವಿದ್ಯುತ್ತಿನ ಪ್ರಯೋಗ ಮಾಡಿದರು. ಗಾಜಿನ ಜಾಡಿಗಳಲ್ಲಿ ವಿದ್ಯುತ್ ತುಂಬಿದರು. ಹಾಗೆ ತುಂಬುವುದನ್ನು ಚಾರ್ಜ್ ಎಂದು ಕರೆದರು. ಜಾಡಿಗಳ ಸಾಲಿಗೆ 'ಬ್ಯಾಟರಿ' ಎಂದರು. ಬ್ಯಾಟರಿ ಎಂಬುದು ಅದಕ್ಕೂ ಮೊದಲು ಫಿರಂಗಿಗಳ ಸಾಲಿನ ಹೆಸರಾಗಿತ್ತು.

'ರೀ' ಎಂದರೆ ಮತ್ತೆ. ರೀಚಾರ್ಜ್ ಎಂದರೆ ಮತ್ತೆ ತುಂಬುವುದು. ಬ್ಯಾಟರಿಗೆ ಕರೆಂಟ್ ತುಂಬುವುದು ಒಂದು. ಅಂಗಡಿಯಲ್ಲಿ ಹಣ ಕೊಟ್ಟು ಕರೆನ್ಸಿ ಹಾಕಿಸುವುದು ಇನ್ನೊಂದು. ಫೋನ್ ಹೋಗದಿದ್ದರೆ ಯಾವುದು ಖಾಲಿ ಆಗಿದೆ ಎಂದು ಮೊದಲು ನೋಡಿ.

ಹೊರೆ ಇಳಿಸಿದರೆ ಡಿಸ್‌ಚಾರ್ಜ್

ಈಗ ಮೊದಲಿನ ಮಾತಿಗೆ ಬರೋಣ. 'ಡಿಸ್' ಸೇರಿದರೆ ಅರ್ಥ ತಿರುಗುತ್ತದೆ. ಚಾರ್ಜ್ ಎಂದರೆ ಹೊರೆ ಹೇರುವುದು. ಡಿಸ್‌ಚಾರ್ಜ್ ಎಂದರೆ ಇಳಿಸುವುದು, ಹೊರಗೆ ಬಿಡುವುದು.

ಆಸ್ಪತ್ರೆಯವರು ರೋಗಿಯನ್ನು ಮನೆಗೆ ಬಿಟ್ಟರೆ ಡಿಸ್‌ಚಾರ್ಜ್. ಆಗ ಕೊಡುವ ಡಿಸ್‌ಚಾರ್ಜ್ ಚೀಟಿಯನ್ನು ಜೋಪಾನವಾಗಿ ಇಡಿ. ಯಾವ ಕಾಯಿಲೆ, ಯಾವ ಔಷಧಿ ಎಂದು ಅದರಲ್ಲಿ ಇರುತ್ತದೆ. ಮುಂದಿನ ಸಲ ಡಾಕ್ಟರಿಗೆ ಅದು ಬೇಕು.

ಮೈಯಿಂದ ಹೊರಗೆ ಹೋಗುವುದೂ ಡಿಸ್‌ಚಾರ್ಜ್. ಗಾಯದಿಂದ ಕೀವು ಹೋದರೆ ಡಿಸ್‌ಚಾರ್ಜ್. ಕಿವಿ ಸೋರಿದರೆ ಡಿಸ್‌ಚಾರ್ಜ್. ಹೆಂಗಸರಲ್ಲಿ ಬಿಳಿ ಹೋಗುವುದೂ ಡಿಸ್‌ಚಾರ್ಜ್.

ಸ್ವಲ್ಪ ಬಿಳಿ ಹೋಗುವುದು ಸಹಜ. ಅದು ಕಾಯಿಲೆ ಅಲ್ಲ. ಬಣ್ಣ ಬದಲಾದರೆ, ಕೆಟ್ಟ ವಾಸನೆ ಬಂದರೆ, ತುರಿಕೆ, ಉರಿ ಇದ್ದರೆ, ಕೆಳಹೊಟ್ಟೆ ನೋವಿದ್ದರೆ ಡಾಕ್ಟರಿಗೆ ತೋರಿಸಬೇಕು. ಮುಟ್ಟು ನಿಂತು ಹೋದ ಮೇಲೆ ಮತ್ತೆ ರಕ್ತ ಕಂಡರೆ ತಡ ಮಾಡಲೇಬಾರದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಮ್ಮ ಅಕ್ಕ ಏನು ಮಾಡಿದರು?

ಒಂದು ಸಂಜೆ ಕೇಂದ್ರದಲ್ಲಿ ಈ 'ಚಾರ್ಜ್' ಪಾಠ ನಡೆಯಿತು. ಅಕ್ಕ ಸುಮ್ಮನೆ ಕೇಳುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದರು. "ಟೀಚರ್, ಅವತ್ತು ಆ ಡಾಕ್ಟರಮ್ಮ ಕೇಳಿದ್ದು ಇದನ್ನೇನಾ?" ಅಂದರು. ಆಗಲೇ ನನಗೆ ಈ ಕಥೆ ತಿಳಿದದ್ದು.

ಮಾರನೆಯ ವಾರ ಇಬ್ಬರೂ ಅದೇ ಆಸ್ಪತ್ರೆಗೆ ಹೋದೆವು. ಈ ಸಲ ಅಕ್ಕನೇ ಮೊದಲು ಮಾತಾಡಿದರು. "ಮೇಡಂ, ನನಗೆ ಬಿಳಿಸೆರಗು ಆಗ್ತಿದೆ. ವಾಸನೆ ಇದೆ. ನಾಲ್ಕು ತಿಂಗಳಾಯ್ತು" ಅಂದರು. ಯಾರೂ ನಗಲಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಸೋಂಕು ಇದೆ ಎಂದರು. ಮಾತ್ರೆ ಕೊಟ್ಟರು. ಅಕ್ಕ ಗುಣವಾದರು.

ಅಕ್ಕಂದಿರೇ, ಇಂಗ್ಲಿಷ್ ಮಾತೆಲ್ಲ ಕಲಿಯಲೇಬೇಕು ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆ, ಬ್ಯಾಂಕು, ಕಚೇರಿ, ಪೊಲೀಸ್ ಠಾಣೆಯಲ್ಲಿ ತಿಳಿಯದ ಮಾತು ಬಂದರೆ ತಲೆ ಆಡಿಸಬೇಡಿ. "ಹಂಗಂದ್ರೇನು? ಕನ್ನಡದಲ್ಲಿ ಹೇಳಿ" ಎಂದು ಕೇಳಿ. ಕೇಳುವುದು ಅವಮಾನವಲ್ಲ. ಹೇಳಬೇಕಾದದ್ದು ಅವರ ಕೆಲಸ. ಚಾರ್ಜ್ ಎಂಬ ಮಾತು ಬಂದರೆ ಇನ್ನೂ ಎರಡು ಮಾತು ಕೇಳಿಕೊಳ್ಳಿ. ಇದು ಯಾವ ಹೊರೆ? ಯಾರ ತಲೆಯ ಮೇಲೆ?

ಓದಿದ ಮೇಲೆ

1. ನಿಮ್ಮ ಮನೆಯ ಕರೆಂಟ್ ಬಿಲ್ ತನ್ನಿ. ಅದರಲ್ಲಿ 'ಶುಲ್ಕ' ಎಂಬ ಮಾತು ಎಲ್ಲಿದೆ? ಗುರುತು ಹಾಕಿ.

2. 'ಭಾರ' ಇರುವ ಎರಡು ಮಾತು ಈ ಪಾಠದಲ್ಲಿ ಬಂದಿವೆ. ಹುಡುಕಿ ಬರೆಯಿರಿ.

3. ಡಾಕ್ಟರು "ಡಿಸ್‌ಚಾರ್ಜ್ ಇದೆಯಾ?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಜೊತೆಯವರೊಂದಿಗೆ ಮಾತಾಡಿ.

4. ಒಂದೇ ಮಾತು, ಹಲವು ಅರ್ಥ ಇರುವ ಕನ್ನಡದ ಮಾತು ಯಾವುದು? 'ಹಿಡಿ' ಬಿಟ್ಟು ಇನ್ನೊಂದು ಹೇಳಿ.