ಹೊಗೆ ನಿಂತರೆ ಹೋಟೆಲಿಗೆ ನಷ್ಟವೇ?

ಕೇರಳ ಹೈಕೋರ್ಟು 1999ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿತು. 2008ರಲ್ಲಿ ದೇಶವಿಡೀ ಹೋಟೆಲುಗಳಿಗೂ ನಿಯಮ ಬಂತು. ಗಿರಾಕಿ ತಪ್ಪಿಹೋದಾನು ಎಂದು ಹೋಟೆಲಿನವರು ಹೆದರುವುದು ಸಹಜ. ಆದರೆ ಲೆಕ್ಕವಿಟ್ಟು ನೋಡಿದವರ ಅನುಭವವೇನು?

ಅಮೆರಿಕದ ನ್ಯೂಯಾರ್ಕ್ ನಗರವು 2003ರಲ್ಲಿ ಬಾರುಗಳಲ್ಲೂ ಹೊಗೆ ನಿಲ್ಲಿಸಿತು. ಮೊದಲ ವರ್ಷ ಹೋಟೆಲು, ಬಾರುಗಳ ತೆರಿಗೆ ಇಳಿಯಲಿಲ್ಲ, ಶೇಕಡಾ 8.7 ಏರಿತು. ಹಸಿದು ಬಂದವನು ಉಂಡೇ ಹೋಗುತ್ತಾನೆ.

ಜೂಜುಕಟ್ಟೆಯ ಕತೆ ಬೇರೆ. ಅಲ್ಲಿನದೇ ಇಲಿನಾಯ್ ರಾಜ್ಯದ ಕ್ಯಾಸಿನೋಗಳಲ್ಲಿ 2008ರ ಜನವರಿ 1ರಿಂದ ನಿಷೇಧ ಬಂದು, ಆ ವರ್ಷ ವರಮಾನ ಸುಮಾರು ಐದರಲ್ಲೊಂದು ಪಾಲು ಕುಸಿಯಿತು. ಆರ್ಥಿಕ ಮುಗ್ಗಟ್ಟೂ ಒಂದು ಕಾರಣವೆನ್ನಿ. ಆದರೂ ಸೇದಲು ಹೊರಗೆದ್ದವನ ಆಟ ಅಲ್ಲಿಗೆ ಮುರಿಯುತ್ತದೆ. ಕಟ್ಟೆಯ ಆ ನಷ್ಟ ಮನೆಯ ಉಳಿತಾಯ.

ಹೋಟೆಲಿನಲ್ಲಿ ದುಡಿಯುವ ನಮ್ಮ ಮಕ್ಕಳ ಶ್ವಾಸಕೋಶವೂ ಉಳಿಯುತ್ತದೆ. ಅದನ್ನು ಮರಳಿ ಕೊಳ್ಳಲಾಗದು.