ಕೊರಡು ಎಳೆದ ಸರೋವರದಲ್ಲಿ ಸೊರಗುವ ಬಾಸ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದ ಸರೋವರಗಳ ದಡದಲ್ಲಿ ರಜಾಮನೆಗಳು ಏಳುತ್ತಿದ್ದಂತೆ, ನೀರಿಗೆ ಉರುಳಿಬಿದ್ದ ಮರಗಳು ಕಾಣೆಯಾಗುತ್ತವೆ. ಈಜಲು ಅಡ್ಡಿ, ದೋಣಿಗೆ ಅಡ್ಡಿ ಎಂದು ಅವನ್ನು ಎಳೆದು ಹಾಕಿಸುತ್ತಾರೆ. 1996ರಲ್ಲಿ ಪ್ರಕಟವಾದ ಎಣಿಕೆ ದಿಗಿಲು ಹುಟ್ಟಿಸುತ್ತದೆ: ಮನೆಗಳಿಲ್ಲದ ಸರೋವರಗಳಲ್ಲಿ ಒಂದು ಕಿಲೋಮೀಟರ್ ದಡಕ್ಕೆ ಸರಾಸರಿ 555 ಕೊರಡುಗಳು, ಮನೆಗಳ ಮುಂದಿನ ದಡದಲ್ಲಿ ಬರೀ 57.

ಇದರಿಂದ ಮೀನಿಗೇನು ನಷ್ಟ? ಅದೇ ರಾಜ್ಯದ ಲಿಟಲ್ ರಾಕ್ ಸರೋವರದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ನಡು ಕಿರಿದಾದ ಈ ಸರೋವರವನ್ನು ಪರದೆ ಕಟ್ಟಿ ಮೊದಲೇ ಎರಡು ಭಾಗ ಮಾಡಲಾಗಿತ್ತು. 2002ರಲ್ಲಿ ಒಂದು ಭಾಗದಿಂದ ಸುಮಾರು ಮುಕ್ಕಾಲು ಪಾಲು ಕೊರಡುಗಳನ್ನು ತೆಗೆದು, ಇನ್ನೊಂದನ್ನು ಹಾಗೇ ಬಿಟ್ಟರು. ಮೊದಲು ಕುಸಿದದ್ದು ಯೆಲ್ಲೋ ಪರ್ಚ್, ಅಂದರೆ ಲಾರ್ಜ್‌ಮೌತ್ ಬಾಸ್ ಎಂಬ ಬೇಟೆಮೀನಿನ ಮುಖ್ಯ ಆಹಾರವಾದ ಮೀನು. ವಸಂತದಲ್ಲಿ ಹೆಣ್ಣು ಪರ್ಚ್ ಲೋಳೆಯ ಪಟ್ಟಿಯಂಥ ಮೊಟ್ಟೆಸರವನ್ನು ಮುಳುಗಿದ ರೆಂಬೆಗಳಿಗೆ ಸುತ್ತಿ ಇಳಿಬಿಡುತ್ತದೆ. ಅದರ ಮರಿಗಳು ಅವಿತುಕೊಳ್ಳುವುದೂ ಆ ರೆಂಬೆಗಳ ನಡುವೆಯೇ. ರೆಂಬೆ ಹೋಯಿತು, ಮೊಟ್ಟೆಗೂ ಮರಿಗೂ ಆಸರೆ ತಪ್ಪಿತು. ಪರ್ಚ್ ಸಿಗದ ಬಾಸ್ ದಡದಿಂದ ನೀರಿಗೆ ಬೀಳುವ ಹುಳುಹುಪ್ಪಟೆಗಳನ್ನು ಹೆಚ್ಚೆಚ್ಚು ನೆಚ್ಚಿಕೊಂಡಿತು. ಅದರ ಬೆಳವಣಿಗೆ ಕುಂಠಿತವಾಯಿತು.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ಸಂಗತಿ. ಅದೇ ದಶಕದ ಬರದಲ್ಲಿ ಸರೋವರದ ಮಟ್ಟ ಒಂದು ಮೀಟರಿಗೂ ಹೆಚ್ಚು ಇಳಿಯಿತು. ಯಾರೂ ಕೈಹಾಕದ ಭಾಗದಲ್ಲೂ ಕೊರಡುಗಳು ಒಣದಂಡೆಯ ಮೇಲೆ ಉಳಿದವು. ಅಲ್ಲೂ ಪರ್ಚ್ ಕುಸಿದು ಬಾಸ್ ಸೊರಗಿತು. ಮನೆಗಳೂ ಬರವೂ ಒಟ್ಟಿಗೆ ಎರಗುವ ಸರೋವರಗಳ ಗತಿಯನ್ನು ಇದರಿಂದಲೇ ಊಹಿಸಬಹುದು.

ಬಾಸ್ ಕಡಿಮೆಯಾದರೆ ಮರಿ ಬಿತ್ತಿದರಾಯಿತು ಎನ್ನುವವರಿದ್ದಾರೆ. ಆದರೆ ಬಾಸ್ ತಾನಾಗಿ ಸಂತಾನ ಬೆಳೆಸುವ ಕಡೆ ಮರಿಗಳ ಕೊರತೆ ಸಾಮಾನ್ಯವಾಗಿ ಇರುವುದಿಲ್ಲ. ಗಂಡು ಬಾಸ್ ಗೂಡು ಮಾಡಿ ಮೊಟ್ಟೆ ಮರಿ ಎರಡನ್ನೂ ಕಾಯುತ್ತದೆ. ಕೊರತೆ ಇರುವುದು ಆಹಾರಕ್ಕೆ. ಇರುವ ಬಾಸ್‌ಗೇ ಹೊಟ್ಟೆ ತುಂಬದ ನೀರಿಗೆ ಇನ್ನಷ್ಟು ಮರಿ ಸುರಿದರೆ ಎಲ್ಲವೂ ಬಡಕಲಾಗುತ್ತವೆ.

ಕೊರಡನ್ನು ಮತ್ತೆ ಹಾಕುವ ಯತ್ನಗಳೂ ನಡೆದಿವೆ. ವಿಸ್ಕಾನ್ಸಿನ್‌ನ ಕ್ಯಾಂಪ್ ಸರೋವರಕ್ಕೆ ನೂರಾರು ಮರಗಳನ್ನು ಇಳಿಸಿದರೂ, ಮುಂದಿನ ಕೆಲವು ವರ್ಷಗಳಲ್ಲಿ ಮೀನಿನ ಸಂಖ್ಯೆ ಹೇಳಿಕೊಳ್ಳುವಷ್ಟು ಏರಲಿಲ್ಲ. ತೆಗೆದಾಗ ಆದ ನಷ್ಟ ಬೇಗ ಕಂಡಿತು, ಹಾಕಿದಾಗ ಲಾಭ ಅಷ್ಟು ಬೇಗ ಕಾಣಲಿಲ್ಲ. ಕೊರಡುಗಳು ತಾವಾಗಿ ಕೂಡಿಬರಲೂ ಶತಮಾನಗಳೇ ಬೇಕು: ಕೆನಡಾದ ಒಂಟಾರಿಯೋದ ಒಂದು ಸರೋವರದಲ್ಲಿ ವೈಟ್ ಪೈನ್ ಕೊರಡುಗಳ ವಯಸ್ಸು ಅಳೆದಾಗ, ಸರಾಸರಿ ನಾಲ್ಕು ಶತಮಾನಕ್ಕೂ ಹೆಚ್ಚು ಬಂತು. ದಡದ ಕಾಡನ್ನೂ ಕಡಿದುಬಿಟ್ಟರೆ ನೀರಿಗೆ ಬೀಳಲು ಹೊಸ ಮರವೂ ಇರುವುದಿಲ್ಲ. ಆದ್ದರಿಂದ ಬಿದ್ದ ಮರವನ್ನು ಬಿದ್ದಲ್ಲೇ ಬಿಡಿ, ದಡದಲ್ಲಿ ನಿಂತ ಮರವನ್ನು ಕಡಿಯಬೇಡಿ ಎಂದು ಮನೆಯವರನ್ನು ಈಗಲೇ ಒಪ್ಪಿಸಬೇಕಾಗಿದೆ.