ನಮ್ಮೂರ ನಿಲ್ದಾಣಕ್ಕೊಂದು ಬುತ್ತಿ

ರೈಲು ಹತ್ತಿದವರಿಗೆ ಹಸಿವು ಬೇಗ. ಮನೆಯಲ್ಲಿ ಹೊಟ್ಟೆ ತುಂಬ ಉಂಡು ಹೊರಟಿದ್ದರೂ ಎರಡು ನಿಲ್ದಾಣ ದಾಟುವಷ್ಟರಲ್ಲಿ ಏನಾದರೂ ಬಾಯಾಡಿಸಬೇಕು ಅನ್ನಿಸುತ್ತದೆ. ಎದುರು ಕುಳಿತವರು ಬುತ್ತಿ ಗಂಟು ಬಿಚ್ಚಿದರಂತೂ ಮುಗಿದೇ ಹೋಯಿತು!

ಯಲಬುರ್ಗಾದ ಮಕ್ಕಳಿಗೆ ಈ ಸುಖ ಈಚೆಗೆ ಮನೆ ಬಾಗಿಲಿಗೇ ಬಂದಿದೆ. ಗದಗ–ವಾಡಿ ಹೊಸ ಮಾರ್ಗದಲ್ಲಿ ತಳಕಲ್‌ನಿಂದ ಕುಕನೂರು, ಯಲಬುರ್ಗಾ ಹಾದು ಕುಷ್ಟಗಿವರೆಗೆ ಹಳಿ ಸಿದ್ಧವಾಯಿತು. 2025ರ ಮೇ 15ರಂದು ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಅವರು ಕುಷ್ಟಗಿ–ಹುಬ್ಬಳ್ಳಿ ರೈಲಿಗೆ ಹಸಿರು ನಿಶಾನೆ ತೋರಿದರು. ಅದಕ್ಕೂ ಮೊದಲು ಇಲ್ಲಿಯವರು ರೈಲು ಹಿಡಿಯಬೇಕಾದರೆ ಬಸ್ಸು ಹತ್ತಿ ಕೊಪ್ಪಳಕ್ಕೋ ಗದಗಿಗೋ ಹೋಗಬೇಕಿತ್ತು. ಈಗ ನಿಲ್ದಾಣವಿದೆ, ರೈಲೂ ಇದೆ. ಆದರೆ ಈ ನಿಲ್ದಾಣದ್ದೇ ಎನ್ನುವ ತಿಂಡಿ ಯಾವುದು?

ನೀರಿಗೆ ನಿಂತ ರೈಲು, ಹುಟ್ಟಿದ ವಡೆ

ನಿಲ್ದಾಣದ ತಿಂಡಿ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಮದ್ದೂರು ವಡೆ. ಬೆಂಗಳೂರು–ಮೈಸೂರು ನಡುವಿನ ಮದ್ದೂರಿನಲ್ಲಿ ಉಗಿಬಂಡಿಗಳು ನೀರು ತುಂಬಿಸಿಕೊಳ್ಳಲು ನಿಲ್ಲುತ್ತಿದ್ದವು. ಎಂಜಿನ್ ನೀರು ಕುಡಿಯುವ ಹೊತ್ತಿಗೆ ಪ್ರಯಾಣಿಕರಿಗೂ ಏನಾದರೂ ಬೇಕಲ್ಲ? ರಾಮಚಂದ್ರ ಬುದ್ಯ ಎಂಬವರು 1917ರಲ್ಲಿ ಅಲ್ಲಿ ತಿಂಡಿ ಮಾರಲು ಆರಂಭಿಸಿದರು. ಒಂದು ದಿನ ರೈಲು ಬೇಗ ಬಂದುಬಿಟ್ಟಿತಂತೆ. ಪಕೋಡ ಕರಿಯುವಷ್ಟು ಸಮಯವಿರಲಿಲ್ಲ. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ, ತೆಳ್ಳಗೆ ಮಾಡಿ ಎಣ್ಣೆಗೆ ಬಿಟ್ಟರು. ಗರಿಗರಿ ವಡೆ ಬೇಗ ಬೆಂದಿತು, ಬೇಗ ಖಾಲಿಯೂ ಆಯಿತು ಎಂದು ಕಥೆ ಹೇಳುತ್ತಾರೆ. ಉಗಿಬಂಡಿಗಳು ಹೋದವು, ನೀರಿಗೆ ನಿಲ್ಲುವುದೂ ತಪ್ಪಿತು. ವಡೆ ಮಾತ್ರ ನೂರು ವರ್ಷ ದಾಟಿ ಇಂದಿಗೂ ಓಡುವ ರೈಲಿನಲ್ಲಿ ಬುಟ್ಟಿ ಹೊತ್ತು ಬರುತ್ತದೆ.

ಜಪಾನಿನ ರೈಲು ಬುತ್ತಿ

ಊರಿಗೊಂದು ತಿಂಡಿ ಎಂಬುದನ್ನು ದೇಶಕ್ಕೆಲ್ಲ ಹಬ್ಬಿಸಿಕೊಂಡವರು ಜಪಾನಿನವರು. ಅಲ್ಲಿ ರೈಲಿನಲ್ಲಿ ತಿನ್ನುವ ಬುತ್ತಿಗೆ ‘ಎಕಿಬೆನ್’ ಎನ್ನುತ್ತಾರೆ. ‘ಎಕಿ’ ಎಂದರೆ ನಿಲ್ದಾಣ. ‘ಬೆಂತೊ’ ಎಂದರೆ ಬುತ್ತಿ. ಎರಡೂ ಕೂಡಿ ಎಕಿಬೆನ್ ಆಯಿತು. 1885ರಲ್ಲಿ ಉತ್ಸುನೊಮಿಯಾ ನಿಲ್ದಾಣದಲ್ಲಿ ಮಾರಿದ್ದೇ ಮೊದಲನೆಯದು ಎಂಬ ಮಾತಿದೆ. ಅದರಲ್ಲಿ ಇದ್ದದ್ದು ಎರಡು ಅನ್ನದ ಉಂಡೆ, ಜೊತೆಗೆ ಮೂಲಂಗಿ ಉಪ್ಪಿನಕಾಯಿ. ಉಂಡೆಯೊಳಗೆ ಉಪ್ಪು ಹಾಕಿದ ಹುಳಿ ಹಣ್ಣು. ಕಟ್ಟಿಕೊಟ್ಟದ್ದು ಬಿದಿರಿನ ಹಾಳೆಯಲ್ಲಿ. ನಮ್ಮ ಬುತ್ತಿ ಗಂಟಿನ ತಂಗಿಯೇ ಅಲ್ಲವೇ?

ಮುಂದೆ ಒಂದೊಂದು ಊರೂ ತನ್ನ ಬೆಳೆಯನ್ನೇ ಡಬ್ಬಿಗೆ ಹಾಕಿತು. ತೊಯಾಮಾದಲ್ಲಿ ಹೊಳೆಯ ಮೀನು ಮತ್ತು ಅನ್ನವನ್ನು ಬಿದಿರೆಲೆಯಲ್ಲಿ ಸುತ್ತಿ ದುಂಡು ಪೆಟ್ಟಿಗೆಯಲ್ಲಿ ಕೊಡುತ್ತಾರೆ. ಉತ್ತರದ ಹೊಕ್ಕೈಡೊ ದ್ವೀಪದ ಮೊರಿ ಎಂಬ ಊರಿನ ಕಥೆ ಇನ್ನೂ ಸೊಗಸು. 1941ರಲ್ಲಿ ಯುದ್ಧದಿಂದಾಗಿ ಅಕ್ಕಿಗೆ ಬರ. ಆದರೆ ಸಮುದ್ರದಲ್ಲಿ ಸ್ಕ್ವಿಡ್ ಎಂಬ ಜಲಚರ ಧಾರಾಳ. ಅದರ ಹೊಟ್ಟೆಯೊಳಗೆ ಸ್ವಲ್ಪವೇ ಅಕ್ಕಿ ತುಂಬಿ ಬೇಯಿಸಿದರು. ಬರಗಾಲದ ಉಪಾಯವೇ ಊರಿನ ಹೆಸರಾಯಿತು!

ಯೊಕೊಕಾವಾ ನಿಲ್ದಾಣದ್ದು ಥೇಟ್ ಮದ್ದೂರಿನ ಕಥೆ. ಮುಂದೆ ಕಡಿದಾದ ಉಸುಯಿ ಘಟ್ಟ. ರೈಲಿಗೆ ಹೆಚ್ಚಿನ ಎಂಜಿನ್ ಜೋಡಿಸಲು ಅಲ್ಲಿ ನಿಲ್ಲಿಸಲೇಬೇಕಿತ್ತು. 1958ರಲ್ಲಿ ಅಲ್ಲಿನ ಅಂಗಡಿಯವರು ಪುಟ್ಟ ಮಣ್ಣಿನ ಗಡಿಗೆಯಲ್ಲಿ ಬಿಸಿ ಅನ್ನ, ಅಣಬೆ, ಮಾಂಸ, ತರಕಾರಿ ಹಾಕಿ ಮಾರತೊಡಗಿದರು. ಊಟ ಮುಗಿದ ಮೇಲೆ ಗಡಿಗೆ ನಿಮ್ಮದೇ. ರೈಲು ಹೊರಟಾಗ ಮಾರುವವರು ಸಾಲಾಗಿ ನಿಂತು ತಲೆಬಾಗಿ ಬೀಳ್ಕೊಡುತ್ತಿದ್ದರು. 1997ರಲ್ಲಿ ಹೊಸ ವೇಗದ ರೈಲು ಬಂದು ಘಟ್ಟದ ಹಳೆಯ ಮಾರ್ಗ ಮುಚ್ಚಿತು. ಗಡಿಗೆ ಊಟ ಮಾತ್ರ ನಿಲ್ಲಲಿಲ್ಲ. ಚಹಾವನ್ನೂ ಹಿಂದೆ ಅಲ್ಲಿ ಪುಟ್ಟ ಮಣ್ಣಿನ ಹೂಜಿಯಲ್ಲಿ ಕೊಡುತ್ತಿದ್ದರು.

ನಮ್ಮ ಕಡೆ ಏನಿದೆ?

ಏನಿಲ್ಲ ಹೇಳಿ! ಕುಷ್ಟಗಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯ ನಡುವೆ ಗದಗ. ಅಲ್ಲಿ ಇಳಿದರೆ ಬಿಸಿ ಮಿರ್ಚಿ ಭಜಿ, ಗಿರ್ಮಿಟ್. ಹುಬ್ಬಳ್ಳಿಯಿಂದ ಸ್ವಲ್ಪ ಮುಂದೆ ಹೋದರೆ ಧಾರವಾಡದ ಪೇಢೆ, ಇನ್ನೂ ಮುಂದೆ ಬೆಳಗಾವಿಯ ಕುಂದಾ. ಇನ್ನು ಯಲಬುರ್ಗಾ ಸೀಮೆಯ ಅಡುಗೆಮನೆಯಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಶೇಂಗಾ ಹೋಳಿಗೆ.

ರೈಲಿನ ಊಟಕ್ಕೆ ಮೂರು ಗುಣ ಬೇಕು. ಬೇಗ ಕೆಡಬಾರದು, ಚೆಲ್ಲಬಾರದು, ತಣ್ಣಗಾದರೂ ರುಚಿ ಇರಬೇಕು. ಖಡಕ್ ರೊಟ್ಟಿಯಲ್ಲಿ ನೀರಿನಂಶ ಬಹಳ ಕಡಿಮೆ ಇರುವುದರಿಂದ ಅದು ವಾರಗಟ್ಟಲೆ ಇರುತ್ತದೆ. ಹಿಂಡಿಯೂ ಒಣಗಿದ್ದೇ. ಎರಡು ರೊಟ್ಟಿ, ಎರಡು ಬಗೆಯ ಹಿಂಡಿ, ಒಂದು ಉಳ್ಳಾಗಡ್ಡಿ, ಒಂದು ಶೇಂಗಾ ಹೋಳಿಗೆ, ಕುಡಿಯಲು ಮಜ್ಜಿಗೆ. ಮೊರಿ ಊರಿನವರು ಸಮುದ್ರ ಕೊಟ್ಟದ್ದನ್ನು ಡಬ್ಬಿಗೆ ಹಾಕಿದರು. ನಾವು ಎರೆಹೊಲ ಕೊಟ್ಟದ್ದನ್ನು ಹಾಕಬಹುದು. ರೊಟ್ಟಿ ಬಡಿದೇ ಸಂಸಾರ ನಡೆಸುವ ಅವ್ವ, ಅಕ್ಕಂದಿರು ನಮ್ಮಲ್ಲಿ ಬಹಳ ಜನ. ಅವರಿಗೂ ನಾಲ್ಕು ಕಾಸು ಸಿಕ್ಕೀತು.

ಇದು ಆಗದ ಮಾತೇನಲ್ಲ. 2022ರಲ್ಲಿ ರೈಲ್ವೆ ಇಲಾಖೆ ‘ಒಂದು ನಿಲ್ದಾಣ ಒಂದು ಉತ್ಪನ್ನ’ ಎಂಬ ಯೋಜನೆ ತಂದಿದೆ. ಆಯಾ ಊರಿನ ತಿನಿಸು, ಕೈಕೆಲಸದ ವಸ್ತುಗಳನ್ನು ನಿಲ್ದಾಣದಲ್ಲಿ ಮಾರಲು ಅದು ಮಳಿಗೆ ಕೊಡುತ್ತದೆ. ಹೊಸ ನಿಲ್ದಾಣದಲ್ಲಿ ಮೊದಲು ಏನು ಮಾರಾಟಕ್ಕೆ ಬರುತ್ತದೋ ಅದೇ ರೂಢಿಯಾಗಿಬಿಡುತ್ತದೆ. ಎಲ್ಲ ಊರಿನಲ್ಲೂ ಸಿಗುವ ಅದೇ ಚಿಪ್ಸ್ ಪೊಟ್ಟಣ ನೇತಾಡಿದರೆ, ದಾಟಿದ್ದು ಯಾವ ಊರು ಎಂದು ಪ್ರಯಾಣಿಕರ ನಾಲಿಗೆಗೆ ತಿಳಿಯುವುದಾದರೂ ಹೇಗೆ?

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಹಿಂದೆ ರೈಲಿನಲ್ಲಿ ಹೋಗುವಾಗ ಬುತ್ತಿಯಲ್ಲಿ ಏನೇನು ಕಟ್ಟುತ್ತಿದ್ದರು, ಯಾವ ನಿಲ್ದಾಣದಲ್ಲಿ ಏನು ಕೊಳ್ಳುತ್ತಿದ್ದರು ಎಂದು ಅಜ್ಜ, ಅಮ್ಮನನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಯಲಬುರ್ಗಾ ಬುತ್ತಿಯ ಡಬ್ಬಿಯ ಚಿತ್ರ ಬಿಡಿಸಿ, ಒಳಗೆ ಏನೇನಿರಬೇಕು ಎಂದು ಗುರುತು ಹಾಕಿ. ಮುಂದಿನ ಸಲ ಹುಬ್ಬಳ್ಳಿಗೆ ಹೊರಟಾಗ ಅದನ್ನೇ ಮನೆಯಲ್ಲಿ ಕಟ್ಟಿಸಿಕೊಂಡು ಹೋಗಿ. ಎದುರು ಕುಳಿತವರಿಗೂ ಒಂದು ತುಂಡು ರೊಟ್ಟಿ ಕೊಡಿ. “ಯಾವೂರಪ್ಪಾ ಈ ಹಿಂಡಿ?” ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಊರಿನ ಹೆಸರು ಜೋರಾಗಿ ಹೇಳಿ!